4.6 ಅಂದರೆ ಏನು, ಡಾಕ್ಟ್ರೇ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಹದಿನೆಂಟು ವರ್ಷವಾಯಿತು. ಮಗಳಿಗೆ 15, ಹತ್ತನೇ ಕ್ಲಾಸು. ಆರು ತಿಂಗಳಿಂದ ಒಮ್ಮೊಮ್ಮೆ ಕರೆದರೂ ಕೇಳಿಸುವುದಿಲ್ಲ, ಗೋಡೆ ನೋಡುತ್ತ ಕೂತುಬಿಡುತ್ತಾಳೆ. ‘ನಾನು ಗಾಜಿನ ಆಚೆ ಇದ್ದ ಹಾಗೆ ಆಗ್ತದೆ ಅಮ್ಮ’ ಅಂತ ಎರಡು ಸಲ ಹೇಳಿದಳು. ಗೆಳತಿಯ ಜೊತೆ ಜಗಳ ಆಡಿದ್ದೇ ನೆನಪಿಲ್ಲ ಅನ್ನುತ್ತಾಳೆ. ಮೆದುಳಿನ ಇಇಜಿ ಪರೀಕ್ಷೆ ಮಾಡಿಸಿದೆವು, ನಾರ್ಮಲ್ ಬಂತು. ಟೀಚರ್ ‘ಗಮನ ಇಲ್ಲ’ ಅನ್ನುತ್ತಾರೆ. ಊರಲ್ಲಿ ಅತ್ತೆ ‘ಎಂಥದೋ ಸೋಂಕು, ಒಮ್ಮೆ ಕರಕೊಂಡು ಬಾ’ ಅನ್ನುತ್ತಾರೆ. ಅವಳೇ ಇಂಟರ್ನೆಟ್ಟಿನಲ್ಲಿ 30 ಪ್ರಶ್ನೆಗಳ ಒಂದು ಫಾರ್ಮ್ ಹುಡುಕಿ ತುಂಬಿದ್ದಾಳೆ. ಸರಾಸರಿ 4.6 ಬಂದಿದೆ. 4 ದಾಟಿದರೆ ಕಾಯಿಲೆ ಅಂತೆ. ಫಾರ್ಮಿನ ಫೋಟೊ ಕಳಿಸಿದ್ದೇನೆ. ಇದು ಸಿನಿಮಾದಲ್ಲಿ ತೋರಿಸುವ ಎರಡು ವ್ಯಕ್ತಿತ್ವದ ರೋಗವಾ? ಮಾರ್ಚ್ ಪರೀಕ್ಷೆಗೆ ಕೂರಿಸುವುದಾ, ಬೇಡವಾ?

ಉತ್ತರ: ಸಿನಿಮಾದ ಭಯವನ್ನು ಮೊದಲು ತೆಗೆದಿಡೋಣ. 4.6 ಬಂದ ಮಾತ್ರಕ್ಕೆ ಅದು ಆ ರೋಗ ಆಗುವುದಿಲ್ಲ. ಹಾಗಂತ ಆ ಕಾಗದವನ್ನು ಮಡಚಿ ಕಪಾಟಿನಲ್ಲಿ ಇಡುವ ಹಾಗೂ ಇಲ್ಲ. ಹದಿನೈದರ ಹುಡುಗಿಯೊಬ್ಬಳು ತಾನಾಗಿ ಹುಡುಕಿ, ಮೂವತ್ತು ಪ್ರಶ್ನೆಗಳಿಗೆ ಕೂತು ಉತ್ತರ ಬರೆದಿದ್ದಾಳೆ ಅಂದರೆ ಅವಳಿಗೆ ಏನೋ ಹೇಳಬೇಕಾಗಿದೆ. ಅಂಕಿಗಿಂತ ನನಗೆ ಅದೇ ದೊಡ್ಡ ಸುದ್ದಿ.

ಅವಳು ಹೇಳುತ್ತಿರುವುದಕ್ಕೆ ನಮ್ಮ ಭಾಷೆಯಲ್ಲಿ ಡಿಸೋಸಿಯೇಶನ್ ಅನ್ನುತ್ತೇವೆ. ಕನ್ನಡ ಪಠ್ಯಗಳಲ್ಲಿ ‘ವಿಘಟನೆ’ ಅಂತ ಬರೆಯುತ್ತಾರೆ. ನನಗೆ ಆ ಪದ ಅಷ್ಟಾಗಿ ಹಿಡಿಸುವುದಿಲ್ಲ, ಹಳೆಯ ಚಾಳ್ ಕುಸಿದು ಬಿದ್ದ ಹಾಗೆ ಕೇಳಿಸುತ್ತದೆ. ನೆನಪು, ಭಾವನೆ, ಮೈಯ ಅರಿವು, ‘ನಾನು’ ಅನ್ನುವ ಭಾವ, ಇವೆಲ್ಲ ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ. ಒಂದರ ಕೈ ಇನ್ನೊಂದು ಬಿಟ್ಟಾಗ ಆಗುವುದು ಇದು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯೇರ್ ಜಾನೆ 1889ರಲ್ಲೇ ಇದರ ಮೇಲೆ ದೊಡ್ಡ ಗ್ರಂಥ ಬರೆದ. ಆಮೇಲೆ ಬಹಳ ಕಾಲ ಎಲ್ಲದಕ್ಕೂ ಹಿಸ್ಟೀರಿಯಾ ಅಂತ ಒಂದೇ ಚೀಟಿ ಅಂಟಿಸಿ, ಹೆಂಗಸರ ನಾಟಕ ಅಂತ ನಕ್ಕು ಬಿಟ್ಟರು. ಆ ನಗು ಇವತ್ತಿಗೂ ಕ್ಯಾಶುವಾಲ್ಟಿ ವಾರ್ಡುಗಳಲ್ಲಿ ಪೂರ್ತಿ ನಿಂತಿಲ್ಲ.

ಇದರ ಸಣ್ಣ ರೂಪ ನಿಮಗೂ ಗೊತ್ತು. ಕಲ್ಯಾಣ್ ಲೋಕಲಿನಲ್ಲಿ ಕೂತವರಿಗೆ ದಾದರ್ ಯಾವಾಗ ದಾಟಿತು, ಠಾಣೆ ಯಾವಾಗ ಬಂತು ಅಂತಲೇ ಗೊತ್ತಾಗುವುದಿಲ್ಲ. ಯಕ್ಷಗಾನ ನೋಡುತ್ತ ಬೆಳಗಾದದ್ದು ತಿಳಿಯುವುದಿಲ್ಲ. ಮೈಮರೆತೆ ಅನ್ನುತ್ತೇವೆ, ಖುಷಿಯಿಂದಲೇ ಅನ್ನುತ್ತೇವೆ. ಹದಿಹರೆಯದವರಲ್ಲಿ ಈ ಮೈಮರೆವು ದೊಡ್ಡವರಿಗಿಂತ ಜಾಸ್ತಿ. ತಾನು ತಾನಲ್ಲ, ಸುತ್ತಲಿನದೆಲ್ಲ ಸುಳ್ಳು ಅನ್ನಿಸುವ ಅನುಭವ ಕೂಡ ಅಪರೂಪವಲ್ಲ. ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಹಾಗೆ ಆಗಿರುತ್ತದೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ, ಸಾವಿನ ಮನೆಯಲ್ಲಿ. ಬಂದು ಹೋಗುತ್ತದೆ. ಅದು ಬಂದು ನಿಂತುಬಿಟ್ಟು, ಓದು, ಊಟ, ಗೆಳೆತನ ಕೆಡಿಸುವ ಮಟ್ಟಕ್ಕೆ ಹೋದಾಗ ಕಾಯಿಲೆ. ಆ ರೀತಿಯದ್ದು ನೂರರಲ್ಲಿ ಇಬ್ಬರ ಆಸುಪಾಸು, ಮತ್ತು ಶುರುವಾಗುವ ಸರಾಸರಿ ವಯಸ್ಸು 16. ನಿಮ್ಮ ಮಗಳು ಆ ವಯಸ್ಸಿನ ಹೊಸ್ತಿಲಲ್ಲೇ ಇದ್ದಾಳೆ.

ಈಗ ಫಾರ್ಮಿಗೆ ಬರುತ್ತೇನೆ. ಅವಳು ತುಂಬಿದ್ದು ಎ-ಡೆಸ್ ಅಂತ ನಾವು ಕರೆಯುವ, ಹದಿಹರೆಯದವರ ಡಿಸೋಸಿಯೇಶನ್ ಅಳೆಯುವ ಪ್ರಶ್ನಾವಳಿ. ಆರ್ಮ್‌ಸ್ಟ್ರಾಂಗ್, ಪಟ್ನಮ್, ಕಾರ್ಲ್‌ಸನ್ ಮತ್ತವರ ಜೊತೆಗಾರರು 1997ರಲ್ಲಿ ಪ್ರಕಟಿಸಿದ್ದು. ದೊಡ್ಡವರಿಗಾಗಿ 1986ರಲ್ಲೇ ಬಂದಿದ್ದ 28 ಪ್ರಶ್ನೆಗಳ ಡೆಸ್‌ನ ತಂಗಿ ಅನ್ನಿ. ಇದರಲ್ಲಿ 30 ಪ್ರಶ್ನೆ. ಪ್ರತಿಯೊಂದಕ್ಕೂ ‘ಯಾವತ್ತೂ ಇಲ್ಲ’ ಅಂದರೆ 0, ‘ಯಾವಾಗಲೂ’ ಅಂದರೆ 10. ಎಲ್ಲ ಕೂಡಿಸಿ 30ರಿಂದ ಭಾಗಿಸುವುದು. ನಿಮ್ಮ ಮಗಳದ್ದು ಒಟ್ಟು 138, ಹಾಗಾಗಿ 4.6. ಸರಾಸರಿ 4 ಅಥವಾ ಮೇಲೆ ಇದ್ದರೆ ‘ಇಲ್ಲಿ ಕೂತು ಸರಿಯಾಗಿ ವಿಚಾರಿಸಬೇಕು’ ಅಂತ ಅರ್ಥ. ‘ಕಾಯಿಲೆ ಇದೆ’ ಅಂತ ಅಲ್ಲ. ಇಂಟರ್ನೆಟ್ಟಿನ ಫಾರ್ಮುಗಳು ಈ ಎರಡನ್ನೂ ಒಂದೇ ಮಾಡಿಬಿಡುತ್ತವೆ. ಜರಡಿ ಹಿಡಿದವರೆಲ್ಲ ಅಕ್ಕಿ ಬೇಯಿಸಿದ ಹಾಗಲ್ಲ.

ಒಳಗೆ ನಾಲ್ಕು ಬಗೆಯ ಪ್ರಶ್ನೆಗಳಿವೆ. ಕಲ್ಪನೆಯಲ್ಲಿ ಮುಳುಗುವುದು ಒಂದು. ನೆನಪಿನಲ್ಲಿ ತೂತು ಬೀಳುವುದು ಇನ್ನೊಂದು. ತನ್ನ ಮೈ, ತನ್ನ ದನಿ, ಸುತ್ತಲಿನ ಜಗತ್ತು ನಿಜವಲ್ಲ ಅನ್ನಿಸುವುದು ಮೂರನೆಯದು. ತನ್ನೊಳಗೆ ಬೇರೆ ಯಾರೋ ಕೂತು ಮಾಡಿಸುತ್ತಿದ್ದಾರೆ, ಮಾತು ತನ್ನ ಬಾಯಿಂದ ಬಂದರೂ ತನ್ನದಲ್ಲ ಅನ್ನಿಸುವುದು ನಾಲ್ಕನೆಯದು. ಮೊದಲನೆಯ ಬಗೆಯ ಪ್ರಶ್ನೆಗಳಿಗೆ ಆರೋಗ್ಯವಂತ ಮಕ್ಕಳೂ ಧಾರಾಳವಾಗಿ ಅಂಕ ಕೊಡುತ್ತಾರೆ. ಕಾದಂಬರಿ ಓದುವ ಹುಡುಗಿ, ದಿನವಿಡೀ ಗೇಮ್ ಆಡುವ ಹುಡುಗ, ಇವರಿಗೆ ಅಲ್ಲಿ 7, 8 ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಉಳಿದ ಮೂರು ಬಗೆಯವು ಬೇರೆ ಲೆಕ್ಕ. ಒಂದು ಸಲ ಹುಡುಗನೊಬ್ಬನ ಫಾರ್ಮಿನಲ್ಲಿ ಒಟ್ಟು 57 ಇತ್ತು, ಸರಾಸರಿ 1.9. ಪಾಸು ಅಂತ ಯಾರೋ ಪಕ್ಕಕ್ಕಿಟ್ಟಿದ್ದರು. ನೋಡಿದರೆ ಹೆಚ್ಚಿನವು 1 ಮತ್ತು 2, ಎರಡು ಕಡೆ ಮಾತ್ರ 9. ಎರಡೂ ನೆನಪಿಗೆ ಸಂಬಂಧಿಸಿದವು. ಆ ಎರಡು ಒಂಬತ್ತುಗಳು ಮಾತಾಡುತ್ತಿದ್ದವು, ಸರಾಸರಿ ಅವುಗಳ ಬಾಯಿ ಮುಚ್ಚಿಸಿತ್ತು.

ಹಾಗಾಗಿ ಫಾರ್ಮ್ ಕೈಗೆ ಬಂದಾಗ ನಾನು ಕೂಡಿಸುವುದು ಕಡೆಗೆ. ಮೊದಲು ಪೆನ್ಸಿಲ್ ಹಿಡಿದು ಜಾಸ್ತಿ ಬಂದ ನಾಲ್ಕೈದು ಪ್ರಶ್ನೆಗಳಿಗೆ ಗುರುತು ಹಾಕುತ್ತೇನೆ, ‘ಇದು ಯಾವಾಗ ಆಯಿತು, ಒಂದು ಸಲದ್ದು ಹೇಳು’ ಅನ್ನುತ್ತೇನೆ. ಪ್ರಶ್ನೆಯೇ ತಪ್ಪು ಅರ್ಥವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮುಂಬಯಿಯಲ್ಲಿ ಇದು ಬಹಳ. ಇಲ್ಲಿನ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಶಾಲೆಯಲ್ಲಿ ಇಂಗ್ಲಿಷ್ ಅಥವಾ ಮರಾಠಿ, ಬಿಲ್ಡಿಂಗಿನ ಕೆಳಗೆ ಹಿಂದಿ. ನೋವು ಯಾವ ಭಾಷೆಯಲ್ಲಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಮಂಜಿನೊಳಗೆ ನಡೆದ ಹಾಗೆ ಅನ್ನಿಸುತ್ತದೆಯೇ ಅಂತ ಕೇಳಿದರೆ ಭಾಂಡುಪಿನ ಹುಡುಗ ‘ಅಂಕಲ್, ನಾನು ಮಂಜು ನೋಡೇ ಇಲ್ಲ’ ಅಂದ. ಅದೇ ಹುಡುಗ ಆಮೇಲೆ ತಾನೇ ಹೇಳಿದ: ‘ವಿಡಿಯೊ ಬಫರ್ ಆಗ್ತದಲ್ಲ, ಹಾಗೆ. ನಾನು ನಿಂತಿರ್ತೇನೆ, ಉಳಿದವರು ಮುಂದೆ ಹೋಗಿರ್ತಾರೆ.’ ಇನ್ನೊಬ್ಬಳ ಮಾತು: ‘ಸುನ್ನ ಆಗ್ತೇನೆ.’ ಅದು ಮರಾಠಿಯದು, ಜೋಮು ಹಿಡಿದ ಹಾಗೆ. ‘ಬ್ಲ್ಯಾಂಕ್ ಆಗ್ತೇನೆ’, ‘ಡಿಲೀಟ್ ಆಗ್ತದೆ’, ‘ನನ್ನ ಕೈ ನನ್ನದಲ್ಲ ಅನಿಸ್ತದೆ’, ‘ಅಮ್ಮನ ಮುಖ ಗೊತ್ತು, ಆದ್ರೆ ಅಮ್ಮ ಅಂತ ಅನಿಸೂದಿಲ್ಲ’. ನಿಮ್ಮವಳ ‘ಗಾಜಿನ ಆಚೆ’ ಈ ಸಾಲಿಗೇ ಸೇರಿದ್ದು.

ಅವಳ ಮಾತಿನಲ್ಲಿ ಇನ್ನೊಂದು ಅಂಶವಿದೆ, ನಿಮಗೆ ಸಮಾಧಾನ ಕೊಡಬೇಕಾದದ್ದು. ‘ಇದ್ದ ಹಾಗೆ’ ಅಂದಳು. ಗಾಜು ಇದೆ ಅನ್ನಲಿಲ್ಲ. ತನಗೆ ಅನ್ನಿಸುತ್ತಿರುವುದು ನಿಜವಲ್ಲ ಅಂತ ಅವಳಿಗೆ ಗೊತ್ತಿದೆ. ಭ್ರಮೆಯ ಕಾಯಿಲೆಗಳಲ್ಲಿ ಆ ‘ಹಾಗೆ’ ಕಳಚಿಹೋಗಿರುತ್ತದೆ. ಯಾರೋ ಗಾಜು ಇಟ್ಟಿದ್ದಾರೆ, ನನ್ನ ತಲೆಯೊಳಗೆ ಯಂತ್ರ ಕೂರಿಸಿದ್ದಾರೆ ಅಂತ ಶುರುವಾದರೆ ಆವತ್ತೇ ಸೈಕಿಯಾಟ್ರಿಸ್ಟ್ ಹತ್ತಿರ ಓಡಬೇಕು.

ಟೀಚರ್ ಹೇಳಿದ ‘ಗಮನ ಇಲ್ಲ’ದ ಬಗ್ಗೆ ನಾನು ಅವರನ್ನು ದೂರುವ ಸ್ಥಿತಿಯಲ್ಲಿಲ್ಲ. ನಾನೇ ಅದೇ ತಪ್ಪು ಮಾಡಿದ್ದೇನೆ. ಆಗ ನಾನು ಹೊಸಬ, ದೊಡ್ಡದೊಂದು ಆಸ್ಪತ್ರೆಯಲ್ಲಿ ಒಪಿಡಿ ನೋಡುತ್ತಿದ್ದೆ. ಹದಿಮೂರರ ಹುಡುಗ, ಗುರುತು ಸಿಗದ ಹಾಗೆ ಬದಲಿಸಿ ಬರೆಯುತ್ತಿದ್ದೇನೆ. ಕ್ಲಾಸಿನಲ್ಲಿ ಶೂನ್ಯ ನೋಡುತ್ತಾನೆ, ಹೇಳಿದ್ದು ಮರೆಯುತ್ತಾನೆ, ನೋಟ್‌ಬುಕ್ ಅರ್ಧ ಪುಟಕ್ಕೆ ನಿಲ್ಲುತ್ತದೆ. ಗಲಾಟೆ ಇಲ್ಲ, ಎದುರುತ್ತರ ಇಲ್ಲ. ಗಮನದ ಕೊರತೆ ಅಂತ ಬರೆದು ಆರು ತಿಂಗಳು ಮಾತ್ರೆ ಕೊಟ್ಟೆ. ಏನೂ ಆಗಲಿಲ್ಲ. ಡೋಸ್ ಹೆಚ್ಚಿಸಿದೆ. ಒಂದು ಸಂಜೆ ಅವನನ್ನು ಬೇರೊಂದು ಹಳೆಯ ಕಟ್ಟಡದ ಕೋಣೆಯಲ್ಲಿ ನೋಡಬೇಕಾಗಿ ಬಂತು. ಕ್ರಿಕೆಟ್ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಿದ್ದ. ಹೊರಗೆ ಲಿಫ್ಟ್ ಬಂದು ನಿಂತಿತು, ಯಾರೋ ಅದರ ಕಬ್ಬಿಣದ ಜಾಲರಿ ಬಾಗಿಲು ಎಳೆದರು. ಆ ‘ಕರ್ರ್’ ಸದ್ದು. ಹುಡುಗನ ಮಾತು ಮಧ್ಯದಲ್ಲೇ ನಿಂತಿತು. ಕಣ್ಣು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಎರಡು ನಿಮಿಷವಾದ ಮೇಲೆ ‘ಏನು ಕೇಳಿದ್ರಿ?’ ಅಂದ. ಅವರ ಬಿಲ್ಡಿಂಗಿನಲ್ಲೂ ಅಂಥದೇ ಲಿಫ್ಟ್. ರಾತ್ರಿ ಅಪ್ಪ ಕುಡಿದು ಬರುವುದು ಆ ಸದ್ದಿನ ಹಿಂದೆಯೇ. ಆಮೇಲೆ ಏನಾಗುತ್ತಿತ್ತು ಅಂತ ಅವನ ಬೆನ್ನು ಹೇಳಿತು. ಆರು ತಿಂಗಳಲ್ಲಿ ನಾನು ಒಮ್ಮೆಯೂ ಅವನ ಅಂಗಿ ಎತ್ತಿಸಿ ನೋಡಿರಲಿಲ್ಲ, ‘ಮನೆಯಲ್ಲಿ ಯಾರಿಗಾದರೂ ಹೆದರ್ತೀಯಾ’ ಅಂತ ಕೇಳಿರಲೂ ಇಲ್ಲ.

ಅಲ್ಲಿಂದ ಕಲಿತದ್ದು: ಗಮನದ ಕೊರತೆಯ ಮಗು ಚಿಕ್ಕಂದಿನಿಂದಲೂ ಹಾಗೇ, ಎಲ್ಲ ಕಡೆಯೂ ಹಾಗೇ. ಡಿಸೋಸಿಯೇಶನ್ನಿನ ಮಗು ಒಂದು ಕಾಲದ ತನಕ ಸರಿ ಇದ್ದು ಆಮೇಲೆ ಹೀಗಾಗಿರುತ್ತದೆ, ಮತ್ತು ನಿರ್ದಿಷ್ಟ ಸದ್ದು, ವಾಸನೆ, ಮನುಷ್ಯ, ಹೊತ್ತಿಗೆ ಕಳೆದುಹೋಗುತ್ತದೆ. ಇವತ್ತು ಗಣಿತ ಪೂರ್ತಿ ಬರುತ್ತದೆ, ನಾಳೆ ಅದೇ ಲೆಕ್ಕ ಕಂಡೇ ಇಲ್ಲ ಅನ್ನುತ್ತದೆ. ಕೈಬರಹ ದಿನಕ್ಕೊಂದು. ತಾನು ಮಾಡಿದ್ದನ್ನು ಕಣ್ಣಾರೆ ಕಂಡವರ ಮುಂದೆಯೂ ‘ನಾನಲ್ಲ’ ಅನ್ನುತ್ತದೆ, ಸುಳ್ಳುಬುರುಕ ಅನ್ನಿಸಿಕೊಳ್ಳುತ್ತದೆ. ನಿಮ್ಮ ಮಗಳ ಆ ಜಗಳವನ್ನು ಹಾಗಾಗಿ ‘ಬೇಕಂತಲೇ ಮರೆತಳು’ ಅಂತ ಬಿಡಬೇಡಿ. ಗದ್ದಲ ಮಾಡುವ ಮಕ್ಕಳು ಹೇಗೂ ನಮ್ಮ ಬಾಗಿಲಿಗೆ ಬಂದೇ ಬರುತ್ತಾರೆ. ‘ಪಾಪದ ಹುಡುಗಿ’ ಅಂತ ಟೀಚರ್ ಮೆಚ್ಚುವ ಮಕ್ಕಳೇ ತಪ್ಪಿಹೋಗುವುದು.

ಇಇಜಿ ನಾರ್ಮಲ್ ಅಂದಿರಿ. ಒಳ್ಳೆಯದು, ಆದರೆ ಅದನ್ನೂ ಪೂರ್ಣವಿರಾಮ ಅಂದುಕೊಳ್ಳಬೇಡಿ. ಅಪಸ್ಮಾರ ಇದ್ದವರಲ್ಲೂ ಒಂದು ಸಲದ ಇಇಜಿ ನಾರ್ಮಲ್ ಬರುವುದುಂಟು. ಅಪಸ್ಮಾರದ ಒಂದು ಬಗೆಯಲ್ಲಿ ಮಕ್ಕಳಿಗೆ ಹತ್ತಿಪ್ಪತ್ತು ಸೆಕೆಂಡಿನ ಶೂನ್ಯ ದಿನಕ್ಕೆ ಹಲವು ಸಲ ಬರುತ್ತದೆ, ಮಾತಿನ ಮಧ್ಯೆ ತಟ್ಟನೆ ನಿಂತು ತಟ್ಟನೆ ಮುಂದುವರಿಯುತ್ತಾರೆ, ಮುಟ್ಟಿದರೂ ಕರೆದರೂ ಎಚ್ಚರವಾಗುವುದಿಲ್ಲ. ಜೋರಾಗಿ ಉಸಿರಾಡಿಸಿದರೆ ಅದು ಬರುತ್ತದೆ. ಅದಕ್ಕೇ ಇಇಜಿ ತೆಗೆಯುವಾಗ ಮೂರು ನಿಮಿಷ ಉಸಿರು ಎಳೆಸಿ ಬಿಡಿಸುತ್ತಾರೆ. ಇನ್ನೊಂದು ಬಗೆ ಅರ್ಧ ನಿಮಿಷದಿಂದ ಎರಡು ನಿಮಿಷದ್ದು: ತುಟಿ ಚಪ್ಪರಿಸುವುದು, ಬಟ್ಟೆ ತಡಕುವುದು, ಮುಗಿದ ಮೇಲೆ ಸ್ವಲ್ಪ ಹೊತ್ತು ಗೊಂದಲ. ಡಿಸೋಸಿಯೇಶನ್ ಇದಕ್ಕಿಂತ ನಿಧಾನ, ಐದು ಹತ್ತು ನಿಮಿಷ ಎಳೆಯುತ್ತದೆ, ಏರಿಳಿಯುತ್ತದೆ, ಮೆಲ್ಲಗೆ ಹೆಸರು ಹಿಡಿದು ಕರೆದರೆ ಸಾಮಾನ್ಯವಾಗಿ ವಾಪಸು ಬರುತ್ತಾರೆ. ಡಿಸೋಸಿಯೇಶನ್ನಿನಲ್ಲಿ ಮೈ ನಡುಗಿ ಬೀಳುವ ಬಗೆಯೂ ಇದೆ. ನಮ್ಮ ದೇಶದಲ್ಲಿ ಸಿನಿಮಾದ ಹಲವು ವ್ಯಕ್ತಿತ್ವಕ್ಕಿಂತ ಅದೇ ಜಾಸ್ತಿ ಕಾಣಿಸುವುದು. ಅದರಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ಅಪಸ್ಮಾರದಲ್ಲಿ ಹೆಚ್ಚಾಗಿ ತೆರೆದಿರುತ್ತದೆ. ಆದರೆ ಇದನ್ನೆಲ್ಲ ಓದಿ ನೀವೇ ತೀರ್ಮಾನ ಕೊಡಬೇಡಿ, ಎರಡೂ ಒಟ್ಟಿಗೆ ಇರುವ ಮಕ್ಕಳಿದ್ದಾರೆ. ಅವಳ ಒಪ್ಪಿಗೆ ಮೊದಲೇ ಕೇಳಿಟ್ಟುಕೊಂಡು, ಮುಂದಿನ ಸಲ ಆದಾಗ ಫೋನಿನಲ್ಲಿ ಒಂದು ವಿಡಿಯೊ ತೆಗೆಯಿರಿ. ಹತ್ತು ಪುಟದ ವರ್ಣನೆಗಿಂತ ನರರೋಗ ತಜ್ಞರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ನಿದ್ದೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ಬೇಕು. ಬೆಳಿಗ್ಗೆ ಏಳಕ್ಕೆ ಶಾಲೆ, ಸಂಜೆ ಕೋಚಿಂಗ್, ರಾತ್ರಿ ಒಂದರ ತನಕ ಓದು, ಅದರ ಮೇಲೆ ಫೋನು ಅಂತಾದರೆ ಯಾರಿಗಾದರೂ ಜಗತ್ತು ಗಾಜಿನ ಆಚೆ ಕಾಣಿಸುತ್ತದೆ. ಹತ್ತನೆಯ ಮಕ್ಕಳಿಗೆ ನಾನು ಎರಡು ವಾರ ನಿದ್ದೆ ಸರಿಮಾಡಿಸಿ ಮತ್ತೆ ಅದೇ ಫಾರ್ಮ್ ಕೊಟ್ಟು ನೋಡುವುದಿದೆ. ಕೆಲವರಲ್ಲಿ ಅಂಕ ಅರ್ಧಕ್ಕೆ ಇಳಿಯುತ್ತದೆ. ಗಾಂಜಾ ಬಗ್ಗೆಯೂ ಕೇಳಲೇಬೇಕು. ಡೊಂಬಿವಲಿಯಲ್ಲೂ ಸಿಗುತ್ತದೆ, ಒಳ್ಳೆಯ ಮನೆಯ ಮಕ್ಕಳಿಗೂ ಸಿಗುತ್ತದೆ. ಒಂದೆರಡು ಸಲ ಸೇದಿದ ಮೇಲೆ ಶುರುವಾದ ಈ ‘ನಿಜವಲ್ಲ’ ಭಾವ ತಿಂಗಳುಗಟ್ಟಲೆ ಬಿಡದೆ ಕಾಡಿದ ಹುಡುಗರನ್ನು ನೋಡಿದ್ದೇನೆ. ಎದೆ ಹೊಡೆದುಕೊಳ್ಳುವ ಪ್ಯಾನಿಕ್ಕಿನ ಬಾಲವಾಗಿಯೂ ಇದು ಬರುತ್ತದೆ, ಖಿನ್ನತೆಯ ಜೊತೆಗೂ.

ರೀಲ್ಸ್ ವಿಷಯ ಒಂದು ಮಾತು. ತಮ್ಮೊಳಗೆ ಹತ್ತು ಜನ ಇದ್ದಾರೆ ಅಂತ ಹೆಸರಿಟ್ಟು ತೋರಿಸುವ ವಿಡಿಯೊಗಳು ಮಕ್ಕಳಿಗೆ ಬೇಕಾದಷ್ಟು ಸಿಗುತ್ತವೆ. ಅವನ್ನು ನೋಡಿ ‘ನನಗೂ ಅದೇ’ ಅಂತ ಬರುವವರಿದ್ದಾರೆ. ನಗಬೇಡಿ. ಹೆಸರು ಎರವಲು ತಂದಿರಬಹುದು, ಸಂಕಟ ಎರವಲಲ್ಲ. ಅದೇ ಹೊತ್ತಿಗೆ, ‘ನಿನ್ನೊಳಗೆ ಯಾರಿದ್ದಾರೆ, ಅವರ ಹೆಸರೇನು’ ಅಂತ ಕೆದಕಿ ಕೆದಕಿ ಕೇಳುವ ಕೌನ್ಸೆಲರ್ ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ಅತ್ತೆಯ ‘ಸೋಂಕಿ’ಗೂ ಉತ್ತರ ಕೊಡಬೇಕಲ್ಲ. ನಾನೂ ದೈವದ ಕೋಲ ನೋಡಿ ಬೆಳೆದವನೇ. ಪಾತ್ರಿಗೆ ಆವೇಶ ಬರುವುದನ್ನು ಯಾವ ವೈದ್ಯಶಾಸ್ತ್ರವೂ ಕಾಯಿಲೆ ಅನ್ನುವುದಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಮೈಮೇಲೆ ಬರುವುದಕ್ಕೆ ಒಂದು ಪ್ರತ್ಯೇಕ ಹೆಸರೇ ಇದೆ, ಆದರೆ ಷರತ್ತು ಸ್ಪಷ್ಟ: ಆ ಸಮುದಾಯ ಒಪ್ಪಿಕೊಂಡ ಆಚರಣೆಯ ಭಾಗವಾಗಿ ಬಂದರೆ ಅದು ಲೆಕ್ಕಕ್ಕಿಲ್ಲ. ಬೇಡದ ಹೊತ್ತಿನಲ್ಲಿ, ತಡೆಯಲಾಗದೆ ಬಂದು, ಬದುಕು ಕೆಡಿಸಿದರೆ ಮಾತ್ರ. ಅತ್ತೆಗೆ ಊರಿನ ದೇವಸ್ಥಾನದಲ್ಲಿ ಒಂದು ಪೂಜೆ ಮಾಡಿಸಿ ಪ್ರಸಾದ ಕಳಿಸಲು ಹೇಳಿ, ಅವರಿಗೂ ಸಮಾಧಾನ, ಮೊಮ್ಮಗಳಿಗೂ ತನ್ನನ್ನು ಯಾರೋ ನೆನೆದರು ಅನ್ನಿಸುತ್ತದೆ. ಆದರೆ ಬಿಡಿಸುತ್ತೇನೆ ಅಂತ ಬೆತ್ತ ಹಿಡಿಯುವ, ಕಟ್ಟಿಹಾಕುವ, ಮೆಣಸಿನ ಹೊಗೆ ಹಾಕುವವರ ಹತ್ತಿರ ಯಾವ ಕಾರಣಕ್ಕೂ ಬೇಡ. ಭೂತ ಬಿಡಿಸುವ ನೆಪದಲ್ಲಿ ಹೊಡೆಯುವುದು ಮಹಾರಾಷ್ಟ್ರದಲ್ಲಿ 2013ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಹೆದರಿ ಒಳಗೆ ಸರಿದ ಮಗುವನ್ನು ಇನ್ನಷ್ಟು ಹೆದರಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಹೆದರಿ ಅಂದೆ. ಎಲ್ಲರಲ್ಲೂ ಕಾರಣ ಹೆದರಿಕೆಯೇ ಅಲ್ಲ, ಆತಂಕ ಮತ್ತು ನಿದ್ದೆಗೇಡಿನಿಂದಷ್ಟೇ ಬಂದವರನ್ನೂ ಹೇಳಿದೆನಲ್ಲ. ಆದರೆ ನೆನಪಿನ ತೂತು ಇದ್ದಾಗ ಹಿಂದೆ ಏನಾದರೂ ನಡೆದಿದೆಯೇ, ಈಗಲೂ ನಡೆಯುತ್ತಿದೆಯೇ ಅಂತ ನೋಡಲೇಬೇಕು. ಲೈಂಗಿಕ ದೌರ್ಜನ್ಯ, ಹೊಡೆತ, ಮನೆಯೊಳಗಿನ ಜಗಳ, ಶಾಲೆಯಲ್ಲಿ ಗುಂಪುಕಟ್ಟಿ ಹೀಯಾಳಿಸುವುದು, ಫೋನಿನಲ್ಲಿ ಬಂದ ಬೆದರಿಕೆ. ಕಣ್ಣಿಗೆ ಕಾಣುವ ಹೊಡೆತವೇ ಆಗಬೇಕೆಂದಿಲ್ಲ. ಅಮೆರಿಕದ ಮಿನೆಸೋಟದಲ್ಲಿ ಬಡ ಕುಟುಂಬಗಳ ಮಕ್ಕಳನ್ನು ಹುಟ್ಟಿನಿಂದ 19 ವರ್ಷದವರೆಗೆ ಹಿಂಬಾಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಾ ಎಳವೆಯಲ್ಲಿ ಸಾಂತ್ವನ ಸಿಗದೆ ಹೋದದ್ದಕ್ಕೂ ಮುಂದೆ ಡಿಸೋಸಿಯೇಶನ್ ಬರುವುದಕ್ಕೂ ನಂಟು ಕಂಡಿತು. ಇದನ್ನು ಓದಿ ‘ಹಾಗಾದರೆ ನನ್ನದೇ ತಪ್ಪು’ ಅಂತ ಕೂರಬೇಡಿ. ನೀವು ಕಾಗದ ಬರೆದವರು.

ಕೇಳುವುದು ಹೇಗೆ ಅನ್ನುವುದೇ ಕಷ್ಟ. ನಮ್ಮ ಒಂದು ಬೆಡ್‌ರೂಮಿನ ಮನೆಗಳಲ್ಲಿ ಗುಟ್ಟಿಗೆ ಜಾಗವೇ ಇಲ್ಲ, ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಹಾಲಿನ ಸೋಫಾಕ್ಕೆ ಕೇಳುತ್ತದೆ. ಟೆರೇಸಿಗೆ ಹೋಗಿ, ಇಲ್ಲ ಸಂಜೆ ತರಕಾರಿ ತರುವ ನೆಪದಲ್ಲಿ ಇಬ್ಬರೇ ನಡೆಯಿರಿ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳುವುದಕ್ಕಿಂತ ಪಕ್ಕದಲ್ಲಿ ನಡೆಯುತ್ತ ಕೇಳುವುದು ಈ ವಯಸ್ಸಿಗೆ ಸಲೀಸು. ‘ಗಾಜಿನ ಆಚೆ ಅಂದ್ಯಲ್ಲ, ಅದು ಬರುವ ಮೊದಲು ಏನಾಗಿರ್ತದೆ?’ ಅಷ್ಟು ಸಾಕು ಒಂದು ದಿನಕ್ಕೆ. ‘ಯಾರಾದ್ರೂ ಮುಟ್ಟಿದ್ರಾ’ ಅಂತ ಹೆಸರು ಸೂಚಿಸಿ, ಉತ್ತರವನ್ನು ಬಾಯಿಗೆ ತುರುಕಿ ಕೇಳಬೇಡಿ. ‘ನಿನಗೆ ಹೆದರಿಕೆ ಆಗುವ ಹಾಗೆ ಯಾರಾದರೂ ನಡಕೊಳ್ತಾರಾ’ ಅಂತ ತೆರೆದ ಪ್ರಶ್ನೆ ಹಾಕಿ, ಸುಮ್ಮನಿರಿ. ಅವಳು ಏನೋ ಹೇಳಿದರೆ ‘ಯಾಕೆ ಇಷ್ಟು ದಿನ ಹೇಳಲಿಲ್ಲ’ ಅನ್ನುವ ಮಾತು ಮಾತ್ರ ಬಾಯಿಂದ ಬರಬಾರದು. ‘ಯಾರಿಗೂ ಹೇಳುವುದಿಲ್ಲ’ ಅಂತ ಮಾತು ಕೊಡಲೂ ಬೇಡಿ. ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಎಲ್ಲರ ಕರ್ತವ್ಯ, ವೈದ್ಯನದ್ದೂ ತಾಯಿಯದ್ದೂ. ನಾನು ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳಿಬಿಡುತ್ತೇನೆ: ‘ನೀನು ಹೇಳಿದ್ದು ನನ್ನಲ್ಲೇ ಇರ್ತದೆ, ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ, ಯಾರಾದರೂ ನಿನ್ನನ್ನು ನೋಯಿಸುತ್ತಿದ್ದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗ್ತದೆ.’ ಹೇಳದೆ ಆಮೇಲೆ ಮಾಡಿದರೆ ಅದು ಎರಡನೆಯ ಮೋಸ. ಮಕ್ಕಳ ತುರ್ತು ಸಹಾಯಕ್ಕೆ 1098 ಇದೆ.

ಕೈಯನ್ನೂ ಗಮನಿಸಿ. ಸೆಕೆಯಲ್ಲೂ ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳುತ್ತಾಳೆಯೇ? ಜೋಮು ಹಿಡಿದ ಹಾಗಾದಾಗ ‘ಏನಾದರೂ ಅನ್ನಿಸಲಿ’ ಅಂತ ಬ್ಲೇಡಿನಿಂದ ಗೀರಿಕೊಳ್ಳುವ ಮಕ್ಕಳಿದ್ದಾರೆ. ಸಾಯುವ ಯೋಚನೆ ಬರುತ್ತದೆಯೇ ಅಂತ ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಗೋಡೆ ನೋಡುತ್ತ ಕೂತಾಗ ಏನು ಮಾಡುವುದು? ಚಪ್ಪಲಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು, ಕೆನ್ನೆಗೆ ಎರಡು ಬಿಡುವುದು ಇವೆಲ್ಲ ಬೇಡ. ಎದುರಿಗೆ ಬನ್ನಿ, ಹಿಂದಿನಿಂದ ಮುಟ್ಟಬೇಡಿ. ಹೆಸರು ಹೇಳಿ ಕರೆದು, ನೀವು ಯಾರು, ಇವತ್ತು ಯಾವ ವಾರ, ಎಲ್ಲಿದ್ದೀರಿ ಅಂತ ಸಣ್ಣ ದನಿಯಲ್ಲಿ ಹೇಳಿ. ‘ಕಾಲು ನೆಲಕ್ಕೆ ಒತ್ತು, ತಣ್ಣಗಿದೆಯಾ?’ ಫ್ರಿಜ್ಜಿನ ನೀರಿನ ಲೋಟ ಕೈಗಿಡಿ. ಕೋಣೆಯಲ್ಲಿ ನೀಲಿ ಬಣ್ಣದ್ದು ಏನೇನಿದೆ ಎಣಿಸು ಅನ್ನಿ. ನನ್ನ ಒಬ್ಬಳು ಪೇಷಂಟ್ ಕಿಸೆಯಲ್ಲಿ ಎರಡು ಏಲಕ್ಕಿ ಇಟ್ಟುಕೊಳ್ಳುತ್ತಾಳೆ, ಲೋಕಲಿನಲ್ಲಿ ಹಾಗಾದರೆ ಒಂದನ್ನು ಕಚ್ಚುತ್ತಾಳೆ. ಒಂದು ಎಚ್ಚರಿಕೆ: ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಧ್ಯಾನ ಮಾಡು ಅಂತ ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಈ ತೊಂದರೆ ಇರುವ ಕೆಲವರಿಗೆ ಅದರಿಂದ ಇನ್ನೂ ದೂರ ತೇಲಿಹೋದ ಹಾಗಾಗುತ್ತದೆ. ಸದ್ಯಕ್ಕೆ ಕಣ್ಣು ತೆರೆದೇ ಇರಲಿ.

ಯಾರ ಹತ್ತಿರ ಹೋಗುವುದು ಅಂದರೆ, ಮಕ್ಕಳನ್ನು ನೋಡುವ ಅಭ್ಯಾಸವಿರುವ ಸೈಕಿಯಾಟ್ರಿಸ್ಟ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಖಾಸಗಿಯ ಫೀಸು ಭಾರವಾದರೆ ಸಯನ್, ಪರೇಲಿನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್, ಈ ಮೂರೂ ಪಾಲಿಕೆಯ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಲೈನು ಉದ್ದ, ಟಿಫಿನ್ ಕಟ್ಟಿಕೊಂಡು ಹೋಗಿ. ಅಲ್ಲಿ ಸಮಯ ಕೊಟ್ಟು ಕೂತು ಸಂದರ್ಶನ ಮಾಡುತ್ತಾರೆ, ಅದೇ ನಿಜವಾದ ಪರೀಕ್ಷೆ. ಪಟ್ನಮ್ ಅವರದೇ 20 ಪ್ರಶ್ನೆಗಳ ಇನ್ನೊಂದು ಪಟ್ಟಿ ಇದೆ, ಮಗುವಿನದಲ್ಲ, ನೋಡಿಕೊಳ್ಳುವವರು ತುಂಬುವಂಥದು. 12 ಅಥವಾ ಮೇಲೆ ಬಂದರೆ ವಿಚಾರಿಸಬೇಕು. ಅದು ಸಣ್ಣ ಮಕ್ಕಳಿಗೆ ಹೆಚ್ಚು ಹೊಂದುತ್ತದೆ, ಆದರೂ ಕೆಲವರು ನಿಮ್ಮ ಕೈಗೆ ಕೊಡಬಹುದು. ಡಿಸೋಸಿಯೇಶನ್ನಿಗೇ ಅಂತ ಒಂದು ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ, ಆತಂಕಕ್ಕೆ ಔಷಧ ಕೊಡುತ್ತಾರೆ. ನಿದ್ದೆಗುಳಿಗೆ, ನರಶಾಂತಿಯ ಗುಳಿಗೆ ಮೆಡಿಕಲ್ಲಿನಿಂದ ತಂದು ಕೊಡಬೇಡಿ, ಕೆಲವರಲ್ಲಿ ಅವು ಇದನ್ನು ಹೆಚ್ಚಿಸುತ್ತವೆ. ಉಳಿದದ್ದು ಮಾತಿನ ಚಿಕಿತ್ಸೆ: ಮೊದಲು ಅವಳು ಇರುವ ಜಾಗ ಸುರಕ್ಷಿತ ಆಗಬೇಕು, ಆಮೇಲೆ ಭಾವನೆ ತಡೆದುಕೊಳ್ಳುವ ಶಕ್ತಿ, ಹಳೆಯ ನೆನಪಿನ ಮಾತು ಎಲ್ಲಕ್ಕಿಂತ ಕೊನೆಗೆ. ಮೊದಲ ದಿನವೇ ಹಳೆಯದನ್ನು ಹೊರಗೆಳೆಯುತ್ತೇನೆ ಅನ್ನುವವರು ಅವಸರದವರು.

ಪರೀಕ್ಷೆ. ಅವಳನ್ನೇ ಕೇಳಿ. ಬರೆಯುತ್ತೇನೆ ಅಂದರೆ ಬರೆಯಲಿ, ಎಷ್ಟೋ ಮಕ್ಕಳಿಗೆ ಶಾಲೆಯ ದಿನಚರಿಯೇ ಹಿಡಿದುಕೊಳ್ಳುವ ಕಂಬಿ. ಕೋಚಿಂಗಿನ ಒಂದು ಬ್ಯಾಚು ಬಿಡಿಸಿ ಆ ಹೊತ್ತನ್ನು ನಿದ್ದೆಗೆ ಕೊಡಿ. ಕ್ಲಾಸ್ ಟೀಚರಿಗೆ ರೋಗದ ಹೆಸರು ಬೇಕಾಗಿಲ್ಲ, ‘ಶೂನ್ಯ ನೋಡಿದರೆ ಬೈಯದೆ ಹತ್ತಿರ ಬಂದು ಮೆಲ್ಲಗೆ ಹೆಸರು ಕರೆಯಿರಿ’ ಅಂತ ಒಂದು ಮಾತು ಸಾಕು. ಮಾರ್ಚಿನಲ್ಲಿ ಆಗದೇ ಹೋದರೆ ಮಳೆಗಾಲದಲ್ಲಿ ಬೋರ್ಡಿನ ಪೂರಕ ಪರೀಕ್ಷೆ ಇದ್ದೇ ಇದೆ.

ಇನ್ನು ನೀವು ಕಳಿಸಿದ ಫೋಟೊ. ಒಟ್ಟು ಅಂಕಿಯನ್ನು ಬಿಟ್ಟರೆ ಅವಳು ಯಾವುದಕ್ಕೆ ಎಷ್ಟು ಬರೆದಿದ್ದಾಳೆ ಅಂತ ಇಲ್ಲಿ ಒಂದಕ್ಷರ ಬರೆದಿಲ್ಲ, ಗಮನಿಸಿರಬಹುದು. ಕಾಗದದ ಮೂಲೆಯಲ್ಲಿ ಅವಳ ಪುಟ್ಟ ಅಕ್ಷರದಲ್ಲಿ ‘ಅಮ್ಮನಿಗೆ ತೋರಿಸಬೇಡ’ ಅಂತ ಯಾರಿಗೋ ಬರೆದದ್ದು ಇದೆ, ನಿಮ್ಮ ಫೋಟೊದಲ್ಲಿ ಅರ್ಧ ಕತ್ತರಿಸಿಹೋಗಿದೆ. ಅದು ನಿಮ್ಮ ಕೈಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಅವಳಿಗೆ ತಿಳಿಯದೆ ತೆಗೆದದ್ದಾದರೆ ಇವತ್ತು ರಾತ್ರಿಯೇ ಅವಳಿಗೆ ಹೇಳಿ, ನನಗೆ ಕಳಿಸಿದ್ದನ್ನೂ ಸೇರಿಸಿ. ಆಮೇಲೆ ಆಸ್ಪತ್ರೆಗೆ ಹೋಗುವ ದಿನ ಆ ಫಾರ್ಮ್ ಅವಳ ಬ್ಯಾಗಿನಲ್ಲಿರಲಿ, ನಿಮ್ಮ ಪರ್ಸಿನಲ್ಲಿ ಬೇಡ.